ಕಲ್ಲುಕಂಬಗಳ ದ್ವೀಪಕ್ಕೆ ಹೊರಡುವ ಮುನ್ನ

ಉಡುಪಿಯ ಪಶ್ಚಿಮಕ್ಕಿರುವ ಮಲ್ಪೆಯ ತೀರದಿಂದ ಸುಮಾರು 6 ಕಿಲೋಮೀಟರ್ ದೂರದ ಕಡಲಿನಲ್ಲಿ, ದಡಕ್ಕೆ ಸಮಾನಾಂತರವಾಗಿ ಉತ್ತರ ದಕ್ಷಿಣವಾಗಿ ಚದುರಿಕೊಂಡಿರುವ ಕಿರುದ್ವೀಪಗಳ ಸಾಲನ್ನು ಸೇಂಟ್ ಮೇರೀಸ್ ದ್ವೀಪಗಳೆಂದು ಕರೆಯುತ್ತಾರೆ. ಈ ಸಾಲಿನಲ್ಲಿ ಮುಖ್ಯವೆನಿಸಿದವು ನಾಲ್ಕು: ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹದ್ದೂರ್‌ಗಡ ಮತ್ತು ದಕ್ಷಿಣ ದ್ವೀಪ. ಪ್ರವಾಸಿಗರ ದೋಣಿಗಳು ಹೋಗಿ ನಿಲ್ಲುವುದು ತೆಂಗಿನ ದ್ವೀಪದಲ್ಲಿ. ಅದರ ಉದ್ದ ಸುಮಾರು ಅರ್ಧ ಕಿಲೋಮೀಟರ್, ಅಗಲ ಸುಮಾರು 100 ಮೀಟರ್, ಸಮುದ್ರಮಟ್ಟದಿಂದ ಅದರ ಅತಿ ಹೆಚ್ಚಿನ ಎತ್ತರ ಸುಮಾರು 10 ಮೀಟರ್. ತೀರದ ಜನ ಇದನ್ನು ತೋನ್ಸೆಪಾರ್ ಎಂದೂ ಕರೆಯುವುದುಂಟು. ತೋನ್ಸೆ ಎಂಬುದು ಮಲ್ಪೆಯ ಉತ್ತರಕ್ಕೆ ಸುವರ್ಣಾ ನದಿಯ ಬದಿಯಲ್ಲಿರುವ ಊರು.

ಒಂದು ಸುತ್ತು ಹಾಕಲು ಅರ್ಧ ಗಂಟೆಯೂ ಬೇಡದ ಇಂಥ ಜಾಗಕ್ಕೆ ಯೋಜನೆ ಮಾಡಿಕೊಂಡು ಹೋಗುವುದೇನಿದೆ ಎಂದು ಕೇಳುವುದು ಸಹಜ. ಆದರೆ ದೋಣಿಯಿಂದ ಇಳಿದು, ನಾಲ್ಕು ಫೋಟೊ ತೆಗೆದು, ಬಿಸಿಲಿಗೆ ಬಸವಳಿದು, ಅಲ್ಲಿ ಬರೀ ಕಲ್ಲು ಎನ್ನುತ್ತ ಮರಳುವವರ ಸಂಖ್ಯೆಯೇ ಹೆಚ್ಚೆಂಬುದು ಆ ಪ್ರಶ್ನೆಗೆ ಉತ್ತರವಾಗಿದೆ. ಬರೀ ಕಲ್ಲು ಎಂಬ ಮಾತು ನಿಜವೇ. ಆ ದ್ವೀಪದಲ್ಲಿ ನೋಡಬೇಕಾದದ್ದೂ ಕಲ್ಲೇ. ಅದನ್ನು ನೋಡುವ ಕಣ್ಣನ್ನು ಮನೆಯಲ್ಲಿಯೇ ಸಿದ್ಧಪಡಿಸಿಕೊಂಡು, ಕಡಲು ಒಪ್ಪುವ ದಿನವನ್ನೂ ಹೊತ್ತನ್ನೂ ಆರಿಸಿಕೊಂಡು ಹೋದವರಿಗೆ ಕರ್ನಾಟಕದ ಕರಾವಳಿಯಲ್ಲಿ ಇದಕ್ಕಿಂತ ದೊಡ್ಡ ನೋಟ ಸಿಗುವುದು ಕಷ್ಟ. ಆದ್ದರಿಂದ ಟಿಕೆಟ್ಟು, ವಸತಿಗಳ ಮಾತಿಗಿಂತ ಮೊದಲು ಕಲ್ಲಿನ ಮಾತನ್ನೇ ಆಡಬೇಕು.

ತೆಂಗಿನ ದ್ವೀಪದ ಅಂಚಿನಲ್ಲಿ ನಿಂತಿರುವ ಬಂಡೆಗಳು ಸಾಮಾನ್ಯ ಬಂಡೆಗಳಂತೆ ಉರುಟಾಗಿಯೋ ಒಡ್ಡೊಡ್ಡಾಗಿಯೋ ಇಲ್ಲ. ಅವು ಒಂದಕ್ಕೊಂದು ಒತ್ತಿ ನಿಲ್ಲಿಸಿದ ಕಂಬಗಳು. ಕೆಲವು ನೆಟ್ಟಗೆ ನಿಂತಿವೆ, ಕೆಲವು ವಾಲಿವೆ, ಕೆಲವು ಮೊಣಕಾಲೆತ್ತರದಲ್ಲಿ ತುಂಡಾಗಿ ಮೆಟ್ಟಿಲುಗಳಂತಾಗಿವೆ, ಕೆಲವು ಸುಮಾರು 6 ಮೀಟರ್ ಎತ್ತರಕ್ಕೆ ಎದ್ದಿವೆ. ತುಂಡಾದ ಕಂಬವೊಂದರ ತಲೆಯನ್ನು ಮೇಲಿನಿಂದ ನೋಡಿದರೆ ಅದು ಬಹುಭುಜಾಕೃತಿಯೆಂಬುದು, ಅಂದರೆ ನೇರ ಅಂಚುಗಳಿಂದ ಸುತ್ತುವರಿದ ಆಕಾರವೆಂಬುದು, ಸ್ಪಷ್ಟವಾಗಿ ಕಾಣುತ್ತದೆ. ಬೆರಳಿಟ್ಟು ಎಣಿಸಿದರೆ ಐದು ಅಥವಾ ಆರು ಬದಿಗಳು ಸಿಗುವುದೇ ಹೆಚ್ಚು. ನಾಲ್ಕು ಬದಿಯವೂ ಏಳು ಬದಿಯವೂ ನಡುವೆ ಇವೆ. ಪಕ್ಕದ ಕಂಬದ ಅಂಚು ಇದರ ಅಂಚಿಗೆ ಕೂದಲೆಳೆಯ ಸಂದು ಬಿಟ್ಟು ಕೂಡಿಕೊಂಡಿರುತ್ತದೆ, ಆ ಸಂದಿನಲ್ಲಿ ಉಪ್ಪುನೀರು ನಿಂತು ಒಣಗಿ ಬಿಳಿಯ ಗೆರೆ ಮೂಡಿರುತ್ತದೆ. ಶಿಲ್ಪಿಯೊಬ್ಬ ಅಳತೆ ಹಿಡಿದು ಕಡೆದಂತಿರುವ ಈ ರಚನೆಯಲ್ಲಿ ಮನುಷ್ಯನ ಉಳಿ ಎಲ್ಲಿಯೂ ತಾಗಿಲ್ಲ.

ಭೂವಿಜ್ಞಾನದಲ್ಲಿ ಇದನ್ನು ಸ್ತಂಭಾಕಾರದ ಲಾವಾ ಎನ್ನುತ್ತಾರೆ. ಭೂಮಿಯ ಒಳಗಿನಿಂದ ಹೊರಬಂದ ಕರಗಿದ ಶಿಲೆಯೇ ಲಾವಾ. ಅದು ದಪ್ಪನೆಯ ಹಾಸಾಗಿ ಹರಡಿ ನಿಂತಾಗ ಗಾಳಿಗೆ ತೆರೆದ ಮೇಲ್ಮೈಯೂ ನೆಲಕ್ಕೆ ತಾಗಿದ ತಳವೂ ಮೊದಲು ತಣಿಯುತ್ತವೆ. ತಣಿದ ವಸ್ತು ಕುಗ್ಗುತ್ತದೆ, ಆದರೆ ಗಟ್ಟಿಯಾಗಿಬಿಟ್ಟ ಹಾಸು ಅಡ್ಡಡ್ಡಲಾಗಿ ಸರಿಯಲು ಜಾಗವಿಲ್ಲದೆ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ನೀರಿಳಿದ ಕೆರೆಯ ತಳದ ಕೆಸರು ಬಿರಿಯುವುದನ್ನು ಕಂಡವರಿಗೆ ಈ ಕ್ರಿಯೆಯ ಮೊದಲ ಹಂತ ಗೊತ್ತೇ ಇದೆ. ಕೆಸರಿನ ಬಿರುಕು ಗೇಣುದ್ದ ಇಳಿದು ನಿಲ್ಲುತ್ತದೆ. ಲಾವಾದ ಬಿರುಕಾದರೋ ಒಳಗಿನ ಬಿಸಿ ಹಿಂದೆ ಸರಿದಂತೆಲ್ಲ ಅದರ ಬೆನ್ನು ಹತ್ತಿ, ತಣಿಯುವ ಮೇಲ್ಮೈಗೆ ಲಂಬವಾಗಿ, ಆಳಕ್ಕೆ ಇಳಿಯುತ್ತ ಹೋಗುತ್ತದೆ. ಒಂದು ಬಿಂದುವಿನಲ್ಲಿ ಮೂರು ಬಿರುಕುಗಳು ಸರಿಸಮ ಕೋನದಲ್ಲಿ ಕೂಡಿದರೆ ಕುಗ್ಗುವಿಕೆಯ ಒತ್ತಡ ಅತ್ಯಂತ ಮಿತವಾದ ಬಿರುಕಿನಲ್ಲಿ ಕಳೆದುಹೋಗುತ್ತದೆ, ಜೇನುಹಟ್ಟಿನ ಕೋಣೆಗಳಲ್ಲಿ ಕಾಣುವ ಆರು ಬದಿಯ ಆಕಾರ ಇಲ್ಲಿಯೂ ಮತ್ತೆ ಮತ್ತೆ ಕಾಣಿಸಿಕೊಳ್ಳುವುದು ಅದರಿಂದಲೇ. ಲಾವಾ ನಿಧಾನವಾಗಿ ತಣಿದರೆ ಕಂಬಗಳು ದಪ್ಪವಾಗುತ್ತವೆ, ಬೇಗ ತಣಿದರೆ ತೆಳುವಾಗುತ್ತವೆ. ಮೆಕ್ಕೆಜೋಳದ ಪಿಷ್ಟವನ್ನು ನೀರಿನಲ್ಲಿ ಕಲಸಿ ದೀಪದ ಶಾಖಕ್ಕೆ ಒಣಗಿಸಿದರೆ ಇಂಥವೇ ಪುಟ್ಟ ಕಂಬಗಳು ಮೂಡುತ್ತವೆ. ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಈ ವಿಧಾನವನ್ನೇ ಬಳಸಿ ಬಿರುಕಿನ ನಡೆಯನ್ನು ಅಭ್ಯಾಸ ಮಾಡಿದ್ದಾರೆ. ದ್ವೀಪಕ್ಕೆ ಮಕ್ಕಳನ್ನು ಕರೆದೊಯ್ಯುವವರು ಹೊರಡುವ ಮುನ್ನ ಅಡುಗೆಮನೆಯಲ್ಲಿ ಇದನ್ನೊಮ್ಮೆ ಮಾಡಿ ತೋರಿಸುವುದು ಒಳ್ಳೆಯದು.

ಸ್ತಂಭಾಕಾರದ ಲಾವಾ ಜಗತ್ತಿನಲ್ಲಿ ಬೇರೆಡೆಯೂ ಇದೆ. ಸುಮಾರು 40,000 ಕಂಬಗಳಿರುವ ಉತ್ತರ ಐರ್ಲೆಂಡಿನ ಜಯಂಟ್ಸ್ ಕಾಸ್‌ವೇ, ಸ್ಕಾಟ್ಲೆಂಡಿನ ಸ್ಟಾಫಾ ದ್ವೀಪ, ಮುಂಬೈಯ ಅಂಧೇರಿಯಲ್ಲಿರುವ ಗಿಲ್ಬರ್ಟ್ ಹಿಲ್ ಇವೆಲ್ಲ ಹೆಸರಾಂತವು. ಆದರೆ ಇವು ಬಸಾಲ್ಟ್ ಎಂಬ ಶಿಲೆಯವು. ಬಸಾಲ್ಟಿನಲ್ಲಿ ಮರಳಿನ ಮೂಲದ್ರವ್ಯವಾದ ಸಿಲಿಕಾ ಅರ್ಧದಷ್ಟು ಮಾತ್ರ ಇರುವುದರಿಂದ ಅದರ ಲಾವಾ ತೆಳ್ಳಗೆ ಹರಿಯುತ್ತದೆ. ಮಲ್ಪೆಯ ದ್ವೀಪಗಳ ಶಿಲೆ ರಯೋಲೈಟ್ ಮತ್ತು ರಯೋಡೇಸೈಟ್ ವರ್ಗಕ್ಕೆ ಸೇರಿದ್ದು. ಅದರಲ್ಲಿ ಸಿಲಿಕಾದ ಪ್ರಮಾಣ ಹೆಚ್ಚು, ಕರಗಿದಾಗ ಬೆಲ್ಲದ ಪಾಕದಂತೆ ಮಂದ. ದಖ್ಖನ್ನಿನ ಕಪ್ಪು ಬಸಾಲ್ಟನ್ನು ಕಂಡು ಇದೂ ಅದರ ತುಂಡೇ ಎಂದು ಬಗೆಯುವುದು ವಾಡಿಕೆಯ ತಪ್ಪು. ದಖ್ಖನ್ನಿನ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಮಲ್ಪೆಯ ಕಂಬಗಳು ಅದಕ್ಕಿಂತ ಸುಮಾರು ಎರಡು ಕೋಟಿ ವರ್ಷಗಳಷ್ಟಾದರೂ ಹಳೆಯವು. ಬೇರೆ ಬೇರೆ ವಿಧಾನಗಳ ಕಾಲನಿರ್ಣಯಗಳು ಇವುಗಳ ವಯಸ್ಸನ್ನು ಸುಮಾರು 8.5 ಕೋಟಿಯಿಂದ 9.3 ಕೋಟಿ ವರ್ಷಗಳ ನಡುವೆ ಇರಿಸಿವೆ.

ಈ ವಯಸ್ಸಿನಲ್ಲಿಯೇ ದ್ವೀಪದ ನಿಜವಾದ ಮಹತ್ವ ಅಡಗಿದೆ. ಭಾರತ ಮತ್ತು ಮಡಗಾಸ್ಕರ್ ಆ ಕಾಲದವರೆಗೂ ಒಂದೇ ಭೂಖಂಡವಾಗಿದ್ದು, ಇಂದಿನ ಕರ್ನಾಟಕ–ಕೇರಳದ ಕರಾವಳಿ ಮಡಗಾಸ್ಕರಿನ ಪೂರ್ವ ಅಂಚಿಗೆ ಅಂಟಿಕೊಂಡಿತ್ತು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಆ ನೆಲ ಎಳೆದು ತೆಳುವಾಗಿ ಸೀಳಿದಾಗ, ಸೀಳಿನ ಉದ್ದಕ್ಕೂ ಕೆಳಗಿನಿಂದ ಲಾವಾ ಉಕ್ಕಿತು. ಅದೇ ಕಾಲದ ಜ್ವಾಲಾಮುಖಿ ಶಿಲೆಗಳು ಮಡಗಾಸ್ಕರಿನಲ್ಲಿ ವಿಶಾಲವಾಗಿ ಹರಡಿವೆ. ಭಾರತದ ಬದಿಯಲ್ಲಿ ಅವುಗಳಿಗೆ ಜೋಡಿಯಾಗಿ ಉಳಿದಿರುವ ಅಪರೂಪದ ಕುರುಹುಗಳಲ್ಲಿ ಮಲ್ಪೆಯ ಈ ಕಂಬಗಳು ಮುಖ್ಯವಾದವು. ಅಂದರೆ ತೆಂಗಿನ ದ್ವೀಪದ ಪಶ್ಚಿಮದ ಅಂಚಿನಲ್ಲಿ ನಿಂತವರು ನೋಡುತ್ತಿರುವುದು ಒಂದು ಹರಿದ ಅಂಚನ್ನು. ಆ ಅಂಚಿನ ಮತ್ತೊಂದು ಭಾಗ ಇಂದು ಸುಮಾರು 4,000 ಕಿಲೋಮೀಟರ್ ಆಚೆ ಇದೆ, ನಡುವೆ ತುಂಬಿಕೊಂಡಿರುವುದು ಹಿಂದೂ ಮಹಾಸಾಗರ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಈ ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಚಿತ್ರದುರ್ಗದ ಬಳಿಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಇವೂ ಅದೇ ಪಟ್ಟಿಯಲ್ಲಿವೆ. 2025ರ ಸೆಪ್ಟೆಂಬರಿನಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಈ ದ್ವೀಪಸಮೂಹದ ಹೆಸರು ಸೇರಿತು. ತಾತ್ಕಾಲಿಕ ಪಟ್ಟಿಯೆಂದರೆ ಮುಂದೆ ಮಾನ್ಯತೆಗೆ ಮಂಡಿಸಬಹುದಾದ ತಾಣಗಳೆಂದು ಒಂದು ದೇಶ ಸೂಚಿಸುವ ಪಟ್ಟಿ. ಅದು ಮಾನ್ಯತೆಯಲ್ಲ, ಮಾನ್ಯತೆಯ ಹಾದಿಯ ಮೊದಲ ಹೆಜ್ಜೆ.

ದ್ವೀಪಕ್ಕೆ ಕ್ರೈಸ್ತ ಹೆಸರು ಬಂದದ್ದು ಪೋರ್ಚುಗೀಸರಿಂದ. ವಾಸ್ಕೋ ಡ ಗಾಮ ಭಾರತದಲ್ಲಿ ಮೊದಲು ಕಾಲಿಟ್ಟದ್ದೇ ಇಲ್ಲಿ ಎಂಬ ಮಾತು ಪ್ರವಾಸಿ ಬರಹಗಳಲ್ಲಿ ಆಗಾಗ ಕಾಣುತ್ತದೆ, ಅದು ಸರಿಯಲ್ಲ. 1498ರ ಮೇ ತಿಂಗಳಲ್ಲಿ ಅವನ ಹಡಗುಗಳು ಲಂಗರು ಹಾಕಿದ್ದು ಕಲ್ಲಿಕೋಟೆಯ ಬಳಿ. ಅದೇ ವರ್ಷ ಆಗಸ್ಟ್ ಕೊನೆಗೆ ಅಲ್ಲಿಂದ ಹೊರಟು ಕರಾವಳಿಯ ಗುಂಟ ಉತ್ತರಕ್ಕೆ ಮರಳುವಾಗ, ಸೆಪ್ಟೆಂಬರಿನಲ್ಲಿ, ದಡದಾಚೆಯ ಕಿರುದ್ವೀಪವೊಂದರಲ್ಲಿ ಸಾಂತಾ ಮರಿಯಾ ಹೆಸರಿನ ಕಲ್ಲುಕಂಬವನ್ನು ನಿಲ್ಲಿಸಿದ. ಪೋರ್ಚುಗೀಸ್ ನಾವಿಕರು ಹೊಸ ತೀರಗಳಲ್ಲಿ ನೆಡುತ್ತಿದ್ದ ಇಂಥ ಶಿಲುಬೆಯ ಕಂಬಗಳಿಗೆ ಪದ್ರಾವೋ ಎಂಬ ಹೆಸರಿತ್ತು. ಆ ಕಿರುದ್ವೀಪ ಮಲ್ಪೆಯ ಎದುರಿನದೇ ಎಂಬುದು ರೂಢಿಯಲ್ಲಿರುವ ಗುರುತಿಸುವಿಕೆ. ಅಲ್ಲಿಂದ ಮುಂದೆ ಅವನು ಕಾರವಾರದ ಬಳಿಯ ಅಂಜದೀವ್ ದ್ವೀಪಕ್ಕೆ ಹೋದ. ಕೋಟ್ಯಂತರ ವರ್ಷಗಳಿಂದ ಸಾವಿರಾರು ಕಂಬಗಳು ನಿಂತಿರುವ ಜಾಗದಲ್ಲಿ ಅವನು ನೆಟ್ಟ ಒಂದು ಕಂಬ ಉಳಿಯಲಿಲ್ಲ, ಹೆಸರು ಉಳಿಯಿತು.

ಇನ್ನು ದಿನದ ಆಯ್ಕೆ. ಮಳೆಗಾಲದಲ್ಲಿ ಈ ದ್ವೀಪವಿರುವುದು ಕಣ್ಣಿಗೆ ಮಾತ್ರ. ಜೂನ್‌ನಲ್ಲಿ ನೈಋತ್ಯ ಮಾರುತ ಬೀಸತೊಡಗಿದರೆ ಅಲೆಗಳು ಕಂಬಗಳ ತಲೆಯ ಮೇಲಿನಿಂದ ಹಾದುಹೋಗುತ್ತವೆ, ಪ್ರವಾಸಿ ದೋಣಿಗಳ ಸಂಚಾರ ನಿಲ್ಲುತ್ತದೆ. ಯಾಂತ್ರಿಕ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುತ್ತದೆ. ಆಗ ಮಲ್ಪೆಯ ಬಂದರಿನಲ್ಲಿ ದೋಣಿಗಳು ಬದಿಗೆ ಬದಿ ತಾಗಿಸಿ ನಿಂತಿರುತ್ತವೆ. ಶ್ರಾವಣದ ನೂಲ ಹುಣ್ಣಿಮೆಯಂದು ಇಲ್ಲಿನ ಮೀನುಗಾರರಾದ ಮೊಗವೀರರು ತೀರದಲ್ಲಿ ಸಮುದ್ರಪೂಜೆ ಮಾಡಿ, ಹಾಲು, ಹೂವು, ತೆಂಗಿನಕಾಯಿಗಳನ್ನು ಕಡಲಿಗೆ ಅರ್ಪಿಸಿ, ಹೊಸ ಋತುವಿಗೆ ಕಡಲಿನ ಅಪ್ಪಣೆ ಬೇಡುವುದು ತಲೆಮಾರುಗಳ ರೂಢಿ. ಪ್ರವಾಸಿ ದೋಣಿಗಳು ಆರಂಭವಾಗುವುದು ಅದಕ್ಕೂ ಸ್ವಲ್ಪ ತಡವಾಗಿ, ಕಡಲು ಪೂರ್ತಿ ತಿಳಿಯಾದ ಮೇಲೆ. ಬೆಂಗಳೂರು, ಹುಬ್ಬಳ್ಳಿಗಳಿಂದ ರಜೆ ಹಾಕಿ ಹೊರಡುವವರು ಸೆಪ್ಟೆಂಬರನ್ನು ನೆಚ್ಚಿಕೊಳ್ಳದೆ ಅಕ್ಟೋಬರ್ ಕಳೆದ ಮೇಲಿನ ದಿನಗಳನ್ನು ಆರಿಸಿಕೊಳ್ಳುವುದು ಕ್ಷೇಮ; ಆಗಲೂ ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿತವಾದರೆ ಒಂದೇ ರಾತ್ರಿಯಲ್ಲಿ ದೋಣಿ ರದ್ದಾಗುತ್ತದೆ ಎಂಬುದನ್ನು ನೆನಪಿಟ್ಟು ಒಂದು ದಿನವನ್ನು ಕೈಯಲ್ಲಿ ಉಳಿಸಿಕೊಂಡಿರಬೇಕು. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಎಲ್ಲ ರೀತಿಯಿಂದಲೂ ಉತ್ತಮ. ಮಾರ್ಚ್ ನಂತರ ಕಡಲು ಶಾಂತವಾಗಿಯೇ ಇದ್ದರೂ, ನೆರಳು ಕಡಿಮೆಯಿರುವ ದ್ವೀಪದಲ್ಲಿ ಕಾದ ಕಲ್ಲಿನ ಮೇಲೆ ಮಧ್ಯಾಹ್ನ ಕಳೆಯುವುದು ಶಿಕ್ಷೆಯೇ ಸರಿ.

ಒಳ್ಳೆಯ ತಿಂಗಳಲ್ಲಿಯೂ ಎಲ್ಲ ದಿನಗಳು ಒಂದೇ ಅಲ್ಲ. ದ್ವೀಪದ ಮೌನವನ್ನು ಅರಸಿ ಬರುವವರು ಶನಿವಾರ, ಭಾನುವಾರಗಳನ್ನೂ ದಸರೆ, ಕ್ರಿಸ್‌ಮಸ್ ರಜೆಗಳನ್ನೂ ಬಿಟ್ಟುಬಿಡಬೇಕು; ಆ ದಿನಗಳಲ್ಲಿ ಅರ್ಧ ಕಿಲೋಮೀಟರಿನ ನೆಲದಲ್ಲಿ ಜಾತ್ರೆಯೇ ನೆರೆದಿರುತ್ತದೆ. ವಾರದ ನಡುವಿನ ದಿನ, ಬೆಳಗಿನ ಮೊದಲ ದೋಣಿ ಎಂಬ ಒಂದು ನಿಯಮವನ್ನು ಪಾಲಿಸಿದರೆ ಅರ್ಧ ಸಮಸ್ಯೆ ಪರಿಹಾರವಾಗುತ್ತದೆ. ಸಾಕಷ್ಟು ಪ್ರಯಾಣಿಕರು ಸೇರಿದ ಮೇಲೆಯೇ ದೋಣಿ ಹೊರಡುವುದು ರೂಢಿಯಾದ್ದರಿಂದ ಅಂಥ ದಿನ ಬಂದರಿನಲ್ಲಿ ಸ್ವಲ್ಪ ಕಾಯಬೇಕಾಗಬಹುದು, ಆ ಕಾಯುವಿಕೆ ವ್ಯರ್ಥವಲ್ಲ. ರಾತ್ರಿಯ ಮೀನು ಹರಾಜಾಗುವ, ಬುಟ್ಟಿಗಳಲ್ಲಿ ಬಂಗುಡೆ, ಬೂತಾಯಿ ಹೊಳೆಯುವ ಬೆಳಗಿನ ಮಲ್ಪೆಯೂ ನೋಡಬೇಕಾದ ಲೋಕವೇ. ಬೆಳಿಗ್ಗೆ ಹೋಗುವುದಕ್ಕೆ ಮತ್ತೊಂದು ಕಾರಣವೂ ಇದೆ: ರಾತ್ರಿ ತಣಿದ ನೆಲದಿಂದ ಕಡಲಿನತ್ತ ಗಾಳಿ ಮೆಲ್ಲಗೆ ಬೀಸುವ ಆ ಹೊತ್ತಿನಲ್ಲಿ ನೀರು ಕದಲದೆ ಇರುತ್ತದೆ; ನೆಲ ಕಾದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ಗಾಳಿ ದಿಕ್ಕು ಬದಲಿಸಿ ಕಡಲಿನಿಂದ ದಡಕ್ಕೆ ಬೀಸತೊಡಗುತ್ತದೆ, ಅಲೆಗಳು ಏಳುತ್ತವೆ, ಕುಲುಕಾಟಕ್ಕೆ ಹೊಟ್ಟೆ ತೊಳಸುವವರಿಗೆ ಮರಳುವ ಪ್ರಯಾಣ ಕಷ್ಟವಾಗುತ್ತದೆ.

ಮೂರನೆಯ ಲೆಕ್ಕ ಭರತ–ಇಳಿತದ್ದು. ಕರಾವಳಿಯ ಆಡುಮಾತಿನಲ್ಲಿ ಭರತವೆಂದರೆ ನೀರು ಏರುವುದು, ಇಳಿತವೆಂದರೆ ಇಳಿಯುವುದು. ನಮ್ಮ ತೀರದಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಚಂದ್ರನ ಚಲನೆಯ ಕಾರಣದಿಂದ ಇವುಗಳ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ಇಂದು ಬೆಳಿಗ್ಗೆ ಹತ್ತಕ್ಕೆ ನೀರು ತುಂಬಿದ್ದರೆ ಒಂದು ವಾರದ ನಂತರ ಅದೇ ಹೊತ್ತಿಗೆ ಅದು ಇಳಿದಿರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಜೋರು, ಅಷ್ಟಮಿಯ ಆಸುಪಾಸಿನಲ್ಲಿ ಸಾಧಾರಣ. ಮೊಗವೀರರ ಮನೆಗಳಲ್ಲಿ ಮಕ್ಕಳಿಗೂ ಗೊತ್ತಿರುವ ಈ ಲೆಕ್ಕವನ್ನು ಪ್ರವಾಸಿಗರು ಕೇಳುವುದೇ ಇಲ್ಲ. ಆದರೆ ಕಂಬಗಳ ಬುಡ ಕಾಣುವುದು, ಬುಡದ ಸುತ್ತ ಜೀವಿಗಳು ಕಾಣುವುದು ಇಳಿತದಲ್ಲಿ ಮಾತ್ರ. ನೀರು ಹಿಂದೆ ಸರಿದಾಗ ಕಂಬಗಳ ನಡುವಣ ಕುಳಿಗಳಲ್ಲಿ ಅಂಗೈಯಗಲದ ಕೊಳಗಳು ಉಳಿಯುತ್ತವೆ. ಒಂದರ ಪಕ್ಕದಲ್ಲಿ ನೆರಳು ಬೀಳದಂತೆ ಕುಕ್ಕರುಗಾಲಿನಲ್ಲಿ ಐದು ನಿಮಿಷ ಕುಳಿತರೆ, ಮೊದಲಿಗೆ ಖಾಲಿಯೆಂದು ಕಂಡ ನೀರಿನಲ್ಲಿ ಉಗುರಿನಷ್ಟು ಏಡಿ ಬಿರುಕಿನಿಂದ ಹೊರಬರುತ್ತದೆ, ಕಲ್ಲಿನ ಬಣ್ಣದ್ದೇ ಆದ ಮೀನುಮರಿ ಕದಲುತ್ತದೆ, ಕಲ್ಲಿಗೆ ಕಚ್ಚಿಕೊಂಡ ಶಂಖದ ಹುಳು ಕೂದಲೆಳೆಯಷ್ಟು ಸರಿದಿರುತ್ತದೆ. ಪಚ್ಚಿಲೆ ಎಂದು ತುಳುವರು ಕರೆಯುವ ಹಸಿರಂಚಿನ ಕಪ್ಪೆಚಿಪ್ಪು ಅಂಟಿಕೊಂಡು ಬೆಳೆಯುವುದೂ ಇಂಥ ಬಂಡೆಗಳಿಗೇ.

ಭರತದ ಲೆಕ್ಕ ತಿಳಿದಿರಬೇಕೆನ್ನುವುದಕ್ಕೆ ಇನ್ನೊಂದು, ಹೆಚ್ಚು ಗಂಭೀರವಾದ ಕಾರಣವಿದೆ. ಇಳಿತದಲ್ಲಿ ನಡೆದುಹೋಗಬಹುದಾದ ಬಂಡೆಯ ಸಾಲು ಭರತ ತಿರುಗಿದ ಮೇಲೆ ದ್ವೀಪದಿಂದ ಕಡಿದುಹೋಗುತ್ತದೆ. ನೀರು ನೆಕ್ಕುವ ಭಾಗದಲ್ಲಿ ಕಂಬಗಳ ಮೇಲೆ ಹಬ್ಬಿರುವ ಪಾಚಿ ಎಣ್ಣೆಯಂತೆ ಜಾರುತ್ತದೆ. ಜಾರಿದವರನ್ನು ಹಿಡಿಯುವುದು ಬಾರ್ನಕಲ್ ಎಂಬ ಸುಣ್ಣದ ಗೂಡಿನ ಜೀವಿಗಳ ಹರಿತವಾದ ಹೊದಿಕೆ. ಪಶ್ಚಿಮದ ಅಂಚಿನಲ್ಲಿ ಸುಮ್ಮನಿದ್ದ ಕಡಲಿನಿಂದಲೂ ಒಮ್ಮೊಮ್ಮೆ ದೊಡ್ಡ ಅಲೆಯೊಂದು ಎದ್ದುಬರುತ್ತದೆ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಬಂದಿದ್ದ ವಿದ್ಯಾರ್ಥಿಗಳು ಈ ದ್ವೀಪದ ಬಂಡೆಗಳ ಬಳಿ ನೀರುಪಾಲಾದರು, ಅಂಥ ಸಾವುಗಳು ಅವಷ್ಟೇ ಅಲ್ಲ. ಜೀವರಕ್ಷಕರು ಬೇಡವೆಂದ ಅಂಚಿಗೆ, ಕೆಂಪು ಬಾವುಟ ನೆಟ್ಟ ಕಡೆಗೆ ಫೋಟೊಗಾಗಿ ಹೋಗುವುದು ಧೈರ್ಯವಲ್ಲ. ಈಜು ಬಲ್ಲವರೂ ಕಲ್ಲಿನ ಕಂಬಗಳ ನಡುವಣ ಸುಳಿಯಲ್ಲಿ ಈಜಲಾರರು, ಅಲ್ಲಿ ಮನುಷ್ಯನನ್ನು ಕೊಲ್ಲುವುದು ನೀರಿಗಿಂತ ಮೊದಲು ಕಲ್ಲು.

ಪ್ರಯಾಣದ ವಿವರಗಳನ್ನು ಹೆಚ್ಚು ಬೆಳೆಸಬೇಕಿಲ್ಲ. ಕೊಂಕಣ ರೈಲು ಮಾರ್ಗದ ಉಡುಪಿ ನಿಲ್ದಾಣ ಇಂದ್ರಾಳಿಯಲ್ಲಿದೆ; ಬೆಂಗಳೂರಿನಿಂದ ಉಡುಪಿ ರಸ್ತೆಯಲ್ಲಿ ಸುಮಾರು 400 ಕಿಲೋಮೀಟರ್, ರಾತ್ರಿ ಬಸ್ಸು ಹತ್ತಿದವರು ಬೆಳಿಗ್ಗೆ ತಲುಪುತ್ತಾರೆ. ನಗರದಿಂದ ಮಲ್ಪೆಗೆ ಸಿಟಿ ಬಸ್ಸುಗಳಿವೆ. ದ್ವೀಪದಲ್ಲಿ ರಾತ್ರಿ ತಂಗಲು ಅವಕಾಶವಿಲ್ಲ, ಸಂಜೆಯ ದೋಣಿಗೆ ಎಲ್ಲರೂ ಮರಳಲೇಬೇಕು. ಕುಡಿಯುವ ನೀರು, ಟೊಪ್ಪಿ, ನೀರಿನಲ್ಲಿ ನೆನೆದರೂ ಜಾರದ ಹಿಡಿತದ ಚಪ್ಪಲಿ ಇವಿಷ್ಟನ್ನು ಜೊತೆಗೆ ಒಯ್ಯಬೇಕು. ದೊಡ್ಡ ದೋಣಿಯಿಂದ ಚಿಕ್ಕದಕ್ಕೆ ಇಳಿದು ಮೊಣಕಾಲಷ್ಟು ನೀರಿನಲ್ಲಿ ದಡ ಸೇರಬೇಕಾಗಿ ಬರಬಹುದಾದ್ದರಿಂದ, ವಯಸ್ಸಾದವರು ಜೊತೆಗಿದ್ದರೆ ಆ ದಿನದ ವ್ಯವಸ್ಥೆ ಹೇಗಿದೆಯೆಂದು ಬಂದರಿನಲ್ಲಿಯೇ ವಿಚಾರಿಸಿಕೊಳ್ಳುವುದು ಸರಿ. ಒಂದು ವೇಳೆ ದೋಣಿ ರದ್ದಾದರೂ ದಿನ ಹಾಳಾಗುವುದಿಲ್ಲ: ಬಲರಾಮನ ಕ್ಷೇತ್ರವಾದ ವಡಭಾಂಡೇಶ್ವರ ಅಲ್ಲಿಯೇ ಮಗ್ಗುಲಲ್ಲಿದೆ, ಉತ್ತರಕ್ಕೆ ಹೊರಟರೆ ಸುವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವ ಕೋಡಿಬೆಂಗ್ರೆಯ ಮರಳದಿಣ್ಣೆ ಸಿಗುತ್ತದೆ.

ದ್ವೀಪಕ್ಕೆ ಇಳಿದ ಮೇಲೆ ಗುಂಪು ಹೋದ ಕಡೆಗೇ ಹೋಗುವ ಬದಲು ಎದುರು ದಿಕ್ಕಿನಲ್ಲಿ ಅಂಚಿನ ಗುಂಟ ನಡೆಯುವುದು ಮೇಲು. ಪಶ್ಚಿಮದ ದಡದಲ್ಲಿ ಮರಳಿನ ಬದಲು ಚಿಪ್ಪುಗಳೇ ಹಾಸಿವೆ. ಮರುವಾಯಿಯ ಚಿಪ್ಪು, ಶಂಖ, ಸುರುಳಿ, ಅವುಗಳ ಚೂರು, ಚೂರಿನ ಚೂರು ಹೀಗೆ ಗಾತ್ರದಿಂದ ಗಾತ್ರಕ್ಕೆ ಇಳಿಯುತ್ತ ಹೋಗುವ ಆ ರಾಶಿಯ ಮೇಲೆ ಕಾಲಿಟ್ಟರೆ ಕರಕರ ಸದ್ದಾಗುತ್ತದೆ. ದಡದಲ್ಲಿ ಮರಳು ಹುಟ್ಟುವ ಬಗೆಗಳಲ್ಲಿ ಇದೂ ಒಂದು. ಚಳಿಗಾಲದಲ್ಲಿ ಉತ್ತರದಿಂದ ವಲಸೆ ಬಂದ ಕಡಲಕ್ಕಿಗಳು ನೀರಿನ ಮೇಲೆ ತೇಲುತ್ತಿರುತ್ತವೆ, ತೆಂಗಿನ ಮರಗಳ ಮೇಲೆ ಗರುಡ ಸುತ್ತುತ್ತಿರುತ್ತದೆ.

ಈ ದ್ವೀಪದ ಕಷ್ಟವೇನೆಂದರೆ, ಇಲ್ಲಿ ಸ್ಮಾರಕಕ್ಕೂ ನೋಡುಗರಿಗೂ ನಡುವೆ ಬೇಲಿಯಿಲ್ಲ. ನೋಡುವವರು ಸ್ಮಾರಕದ ಮೇಲೆಯೇ ನಡೆಯುತ್ತಾರೆ. ಹಂಪಿಯ ಕಂಬಕ್ಕೆ ಪೆಟ್ಟಾದರೆ ಅದನ್ನು ಜೋಡಿಸಬಲ್ಲ ಶಿಲ್ಪಿಗಳಿದ್ದಾರೆ, ಭೂಮಿ ಸೀಳಿದಾಗ ಎದ್ದ ಕಂಬಕ್ಕೆ ಪೆಟ್ಟಾದರೆ ಮಾಡುವಂಥದ್ದೇನೂ ಇಲ್ಲ. ಕಲ್ಲಿನ ಮೇಲೆ ಹೆಸರು ಕೆತ್ತುವುದು, ಸಂದಿಗಳಲ್ಲಿ ಬಾಟಲಿ ತುರುಕುವುದು, ಚೀಲ ತುಂಬ ಚಿಪ್ಪು ಹೊತ್ತೊಯ್ಯುವುದು ಇವು ಒಂದೊಂದೂ ಚಿಕ್ಕವಾಗಿ ಕಾಣುತ್ತವೆ, ಆದರೆ ಅರ್ಧ ಕಿಲೋಮೀಟರಿನ ನೆಲಕ್ಕೆ ವರ್ಷದಲ್ಲಿ ಎಂಟು ತಿಂಗಳು ಜನ ಬರುತ್ತಲೇ ಇರುತ್ತಾರೆ. ಆದ್ದರಿಂದ ಓದುಗರಲ್ಲಿ ಒಂದೇ ಕೋರಿಕೆ: ಅಲ್ಲಿಗೆ ಹೋದಾಗ ಚಿಪ್ಪೊಂದನ್ನು ಎತ್ತಿ ಅಂಗೈಯಲ್ಲಿಟ್ಟು ಮಕ್ಕಳಿಗೆ ತೋರಿಸಿ, ಕಂಬದ ಬದಿಗಳನ್ನು ಅವರಿಂದಲೇ ಎಣಿಕೆ ಮಾಡಿಸಿ, ಚಿಪ್ಪನ್ನು ಎತ್ತಿದ ಜಾಗದಲ್ಲಿಯೇ ಇಟ್ಟು, ಒಯ್ದ ಕಸವನ್ನು ಅದೇ ದೋಣಿಯಲ್ಲಿ ಮಲ್ಪೆಗೆ ಮರಳಿ ತನ್ನಿ.